ತೇಪೆಯ ಪರಿಶೀಲನೆಯೂ ವಿಜ್ಞಾನವೇ

ಕನ್ನಡದಲ್ಲಿ 'ತೇಪೆ' ಎಂಬ ಮಾತಿಗೆ ಗೌರವ ಕಡಿಮೆ. ಹರಿದ ಅಂಗಿಗೆ ತೇಪೆ ಹಾಕುವುದು ಹೊಸದನ್ನು ಕೊಳ್ಳಲಾರದವನ ಉಪಾಯವೆಂದು ಲೋಕ ತಿಳಿದಿದೆ. ಮಾಡಿದ ತಪ್ಪನ್ನು ಮಾತಿನಿಂದ ಮುಚ್ಚಲೆಳಸುವವನನ್ನೂ 'ತೇಪೆ ಹಚ್ಚುತ್ತಿದ್ದಾನೆ' ಎಂದೇ ಹಳಿಯುತ್ತೇವೆ. ಹೀಗಿರಲು, ಜಗತ್ತಿನ ವಾರ್ತಾವಿನಿಮಯದ ಬಹುಭಾಗವನ್ನು ಹೊತ್ತು ನಡೆಸುತ್ತಿರುವ ಗಣಕವ್ಯವಸ್ಥೆಯೊಂದು ತೇಪೆಯ ಮೇಲೆ ತೇಪೆ ಬಿದ್ದೇ ಬೆಳೆದುದೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅದಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ, ಅಲ್ಲಿ ತೇಪೆ ಹೊಲಿಯುವವನಿಗೆ ಎಷ್ಟು ಮರ್ಯಾದೆಯೋ ಅದನ್ನು ಎಳೆದು ನೋಡಿ, ತೂಗಿ ನೋಡಿ, ಒಪ್ಪುವ ಅಥವಾ ಹಿಂದಿರುಗಿಸುವವನಿಗೂ ಅಷ್ಟೇ ಮರ್ಯಾದೆಯುಂಟು. ಈ ಎರಡನೆಯ ಕೆಲಸ ವಿಜ್ಞಾನದ ಕೆಲಸವೇ ಎಂಬುದೂ, ಶಿಕಾರಿಪುರ ಸೊರಬಗಳಂಥ ಊರುಗಳ ವಿದ್ಯಾರ್ಥಿಗಳು ಅದನ್ನು ಕಲಿಯತಕ್ಕದ್ದೆಂಬುದೂ, ಕಾಲೇಜುಗಳು ಅದಕ್ಕೆ ಮಾನ್ಯತೆ ಕೊಡತಕ್ಕದ್ದೆಂಬುದೂ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸುತ್ತೇವೆ.

ದಟ್ಟಣೆ ಎಂದರೇನು?

ಒಂದು ಗಣಕಯಂತ್ರ ಇನ್ನೊಂದಕ್ಕೆ ಕಳುಹಿಸುವ ವಾರ್ತೆ ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು ಹೋಗುತ್ತದೆ. ಒಂದು ಪೊಟ್ಟಣಕ್ಕೆ ಸಾಮಾನ್ಯವಾಗಿ 1500 ಬೈಟುಗಳ ಮಿತಿ. ದಾರಿಯಲ್ಲಿ ರೌಟರುಗಳೆಂಬ ಕೂಡುಕಟ್ಟೆಗಳಿವೆ. ಒಳಗೆ ಬರುವ ಪೊಟ್ಟಣಗಳು ಹೊರಗೆ ಹೋಗುವವಕ್ಕಿಂತ ಹೆಚ್ಚಾದರೆ ಅವು ಅಲ್ಲಿ ಸಾಲುಗಟ್ಟಿ ಕಾಯುತ್ತವೆ. ಸಾಲಿಗೆ ಸ್ಥಳ ಸಾಲದಾದಾಗ ಮಿಕ್ಕವು ಚೆಲ್ಲಿಹೋಗುತ್ತವೆ. ಪಡೆದವನು ತನಗೆ ತಲುಪಿದ ಪೊಟ್ಟಣಗಳಿಗೆ ರಸೀದಿ ಕಳುಹಿಸುತ್ತಾನೆ. ರಸೀದಿ ಬಾರದಿದ್ದರೆ ಕಳುಹಿಸಿದವನು ಅದೇ ಪೊಟ್ಟಣವನ್ನು ಮತ್ತೆ ಕಳುಹಿಸುತ್ತಾನೆ. ಟಿಸಿಪಿ ಎಂಬ ನಿಯಮಾವಳಿಯ ಸಾರ ಇಷ್ಟೆ.

ಈ ಮರುಕಳುಹಿಸುವಿಕೆಯಲ್ಲಿಯೇ ಅಪಾಯವೂ ಅಡಗಿದೆ. ಚಂದ್ರಗುತ್ತಿಯ ಜಾತ್ರೆಯ ದಿನ ಸೊರಬದ ಕಡೆಯಿಂದ ಹೊರಟ ಗಾಡಿ ಹೊತ್ತಿಗೆ ಸರಿಯಾಗಿ ತಲುಪಲಿಲ್ಲವೆಂದು ಮನೆಯವರು ಇನ್ನೊಂದು ಗಾಡಿಯನ್ನು ಅಟ್ಟಿದರೆಂದು ಭಾವಿಸೋಣ. ಮೊದಲನೆಯದು ತಡವಾದದ್ದು ರಸ್ತೆ ತುಂಬಿದ್ದರಿಂದ; ಎರಡನೆಯದು ಅದೇ ರಸ್ತೆಯನ್ನು ಮತ್ತಷ್ಟು ತುಂಬುತ್ತದೆ. ಎಲ್ಲ ಮನೆಯವರೂ ಹಾಗೆಯೇ ಮಾಡಿದರೆ ರಸ್ತೆಯ ತುಂಬ ಗಾಡಿಗಳಿದ್ದೂ ಒಂದೂ ಮುಂದೆ ಸಾಗದಂತಾಗುತ್ತದೆ. 1986ರ ಅಕ್ಟೋಬರ್ ತಿಂಗಳಲ್ಲಿ ಅಂತರಜಾಲಕ್ಕೆ ಆದದ್ದು ಇದೇ. ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯಕ್ಕೂ ಬರ್ಕಲಿಯ ವಿಶ್ವವಿದ್ಯಾಲಯಕ್ಕೂ ನಡುವಣ ಅಂತರ ಬರಿಯ 400 ಗಜ. ಅವೆರಡರ ನಡುವೆ ಸೆಕೆಂಡಿಗೆ 32,000 ಬಿಟ್ಟುಗಳಂತೆ ಹರಿಯುತ್ತಿದ್ದ ವಾರ್ತೆ 40 ಬಿಟ್ಟುಗಳಿಗೆ ಕುಸಿಯಿತು. ಎಂಟುನೂರರಲ್ಲಿ ಒಂದು ಪಾಲು! ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಪ್ರತಿಯೊಂದು ಗಣಕವೂ ತನ್ನ ಪಾಲಿಗೆ ಸರಿಯಾಗಿಯೇ ನಡೆದುಕೊಂಡದ್ದರ ಒಟ್ಟು ಫಲ ಅದಾಗಿತ್ತು.

ಇದರ ಕಾರಣವನ್ನು ಹುಡುಕಿದ ವ್ಯಾನ್ ಜೇಕಬ್ಸನ್ ಎಂಬವರು 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪರಿಹಾರವನ್ನು ಸೂಚಿಸಿದರು. ರಸೀದಿಗಾಗಿ ಕಾಯದೆ ಎಷ್ಟು ಪೊಟ್ಟಣಗಳನ್ನು ದಾರಿಗೆ ಬಿಡಬಹುದೆಂಬುದಕ್ಕೆ ಕಳುಹಿಸುವವನು ತಾನೇ ಒಂದು ಮಿತಿಯನ್ನು ಇಟ್ಟುಕೊಳ್ಳಬೇಕು. ರಸೀದಿಗಳು ಬರುತ್ತಿದ್ದಂತೆ ಮಿತಿಯನ್ನು ಮೆಲ್ಲಮೆಲ್ಲನೆ ಏರಿಸಬೇಕು. ಪೊಟ್ಟಣ ಕಳೆದುಹೋಯಿತೆಂದು ತಿಳಿದೊಡನೆ ಥಟ್ಟನೆ ಇಳಿಸಬೇಕು. ದಟ್ಟಣೆ ನಿಯಂತ್ರಣವೆಂಬ ಶಾಸ್ತ್ರದ ತಳಹದಿ ಇದು.

ಕಾಲುವೆಯ ಕೊನೆಯವನು

ಇದು ಕೇವಲ ವೇಗದ ಪ್ರಶ್ನೆಯಾಗಿದ್ದರೆ ಯಂತ್ರಶಾಸ್ತ್ರಜ್ಞರಿಗೆ ಬಿಟ್ಟುಬಿಡಬಹುದಿತ್ತು. ಆದರೆ ಇದು ಹಂಚಿಕೆಯ ಪ್ರಶ್ನೆಯೂ ಹೌದು. ಹಂಚಿಕೆ ಎಂದರೇನೆಂದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾದ್ದಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬಶಾಸನದಲ್ಲಿ ಕದಂಬ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಸಂಗತಿ ಇದೆ. ಅಂದರೆ ಒಂದೂವರೆ ಸಾವಿರ ವರ್ಷಗಳಿಂದ ಇಲ್ಲಿಯ ಜನ ಒಂದೇ ನೀರನ್ನು ಹಲವರು ಹಂಚಿಕೊಂಡು ಬಾಳಿದ್ದಾರೆ. ಇಂದಿಗೂ ಅಂಜನಾಪುರ ಜಲಾಶಯದ ಕಾಲುವೆಯ ನೀರಿನಲ್ಲಿ ಗದ್ದೆ ಮಾಡುವವರಿಗೆ ಈ ಮಾತು ಚೆನ್ನಾಗಿ ಗೊತ್ತು: ಕಾಲುವೆಯ ಮೊದಲಲ್ಲಿರುವವನು ತನ್ನ ತೂಬನ್ನು ಒಂದಿಷ್ಟು ಅಗಲ ಮಾಡಿಕೊಂಡರೆ, ಅವನ ಗದ್ದೆಯ ಬದುವಿನ ಮೇಲೆ ನಿಂತು ನೋಡುವವರ ಕಣ್ಣಿಗೆ ಅದು ಸುಧಾರಣೆಯೇ. ತೊಂದರೆ ಕಾಣುವುದು ಕಾಲುವೆಯ ಕೊನೆಯಲ್ಲಿ. ಆದಕಾರಣವೇ ಹಿಂದಿನವರು ನೀರುಗಂಟಿಯನ್ನು ನೇಮಿಸಿದ್ದು. ತನಗೆ ಸ್ವಂತ ಗದ್ದೆಯಿದ್ದರೂ ನೀರು ಬಿಡುವಾಗ ಅವನು ಕೊನೆಯ ಗದ್ದೆಯವನ ಪರವಾಗಿ ನಿಲ್ಲಬೇಕಾದವನು.

ಪೊಟ್ಟಣಗಳ ಕಾಲುವೆಯಲ್ಲಿ ನೀರುಗಂಟಿಯಿಲ್ಲ. ಅಲ್ಲಿ ನ್ಯಾಯವು ಗಣಿತದಿಂದಲೇ ಹುಟ್ಟಬೇಕು. ಅದು ಹೇಗೆಂಬುದನ್ನು 1989ರಲ್ಲಿ ತೋರಿಸಿದವರು ದಾ-ಮಿಂಗ್ ಚಿಯು ಮತ್ತು ರಾಜ್ ಜೈನ್. ಇವರಲ್ಲಿ ಜೈನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅವರ ತರ್ಕವನ್ನು ಪ್ರೌಢಶಾಲೆಯ ಗಣಿತದಿಂದಲೇ ಅರಿಯಬಹುದು. ದಾರಿಯ ಸಾಮರ್ಥ್ಯ 100 ಇರಲಿ. ಒಬ್ಬನು 80, ಇನ್ನೊಬ್ಬನು 20 ಬಳಸುತ್ತಿರಲಿ. ವ್ಯತ್ಯಾಸ 60. ದಾರಿ ತುಂಬಿದಾಗ ಇಬ್ಬರೂ ಅರ್ಧಕ್ಕೆ ಇಳಿದರೆ 40 ಮತ್ತು 10, ವ್ಯತ್ಯಾಸ 30. ಆಮೇಲೆ ಇಬ್ಬರೂ ಒಂದೊಂದರಂತೆ ಸಮನಾಗಿ ಏರಿದರೆ ವ್ಯತ್ಯಾಸ ಬದಲಾಗದೆ 65 ಮತ್ತು 35ಕ್ಕೆ ಬಂದು ದಾರಿ ಮತ್ತೆ ತುಂಬುತ್ತದೆ. ಮುಂದಿನ ಸುತ್ತಿನಲ್ಲಿ 57.5 ಮತ್ತು 42.5. ಪ್ರತಿ ಸುತ್ತಿಗೂ ವ್ಯತ್ಯಾಸ ಅರ್ಧವಾಗುತ್ತ ಹೋಗಿ, ಒಬ್ಬರನ್ನೊಬ್ಬರು ಅರಿಯದ ಇಬ್ಬರೂ ಸಮಪಾಲಿನ ಸಮೀಪಕ್ಕೆ ಬರುತ್ತಾರೆ. ಕೂಡುವುದರಿಂದ ಏರಿಕೆ, ಭಾಗಿಸುವುದರಿಂದ ಇಳಿಕೆ: ಈ ಸರಳ ಸೂತ್ರದಲ್ಲಿ ನೀರುಗಂಟಿಯ ಧರ್ಮವೇ ಅಡಗಿದೆ.

ಈಗ ಒಬ್ಬನು ತನ್ನ ಗಣಕದ ನಿಯಮವನ್ನು ತಿದ್ದಿ, 'ನಾನು ಇಳಿಯುವುದಿಲ್ಲ' ಎಂದುಕೊಂಡರೆ? ಅವನ ಪರೀಕ್ಷೆಯಲ್ಲಿ ವೇಗ ಹೆಚ್ಚಿದಂತೆ ಕಾಣುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ. ಅವನ ಅಳತೆಯೂ ತಪ್ಪಿಲ್ಲ. ಹೆಚ್ಚಿದ ಪಾಲು ಯಾರದೆಂಬುದನ್ನು ಮಾತ್ರ ಅವನ ಅಳತೆ ಹೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವವನೇ ಪರಿಶೀಲಕ.

ತಿದ್ದುವವರೂ ನೋಡುವವರೂ

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲೈನಕ್ಸ್ ಕರ್ನೆಲ್ ಎಂಬುದು ಗಣಕದ ಯಂತ್ರಭಾಗಗಳಿಗೂ ನಾವು ಬಳಸುವ ಕಾರ್ಯಕ್ರಮಗಳಿಗೂ ನಡುವೆ ನಿಂತಿರುವ ತಿರುಳು. ಆಂಡ್ರಾಯ್ಡ್ ಫೋನುಗಳೆಲ್ಲದರ ಒಳಗೂ ಇದೇ ಇದೆ; ಎಂದರೆ ಸೊರಬದ ಸಂತೆಯಲ್ಲಿ ನಿಂತ ವ್ಯಾಪಾರಿಯ ಕಿಸೆಯಲ್ಲಿಯೂ ಇದೆ. ಇದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು. ಆ ತಿದ್ದುಪಡಿಗೇ ಪ್ಯಾಚ್, ಎಂದರೆ ತೇಪೆ ಎಂದು ಹೆಸರು. ದಟ್ಟಣೆ ನಿಯಂತ್ರಣದ ಕ್ರಮವಿಧಿಗಳನ್ನು ಕಳಚಿ ಜೋಡಿಸುವ ಅನುಕೂಲ ಈ ಕರ್ನೆಲ್‌ಗೆ 2005ರಲ್ಲಿ ಬಂತು. 2006ರಿಂದ ಕ್ಯೂಬಿಕ್ ಎಂಬ ಕ್ರಮವಿಧಿ ಅದರಲ್ಲಿ ವಾಡಿಕೆಯಾಯಿತು. 2016ರಲ್ಲಿ ಬಿಬಿಆರ್ ಎಂಬುದು ಸೇರಿತು.

ತೇಪೆ ಬಂದೊಡನೆ ಹೊಲಿಯುವ ಪದ್ಧತಿ ಅಲ್ಲಿಲ್ಲ. ಪ್ರತಿಯೊಂದು ಭಾಗಕ್ಕೂ ಪಾಲಕರಿದ್ದಾರೆ. ಬದಲಾವಣೆ ಏನು, ಏಕೆ ಎಂಬುದನ್ನು ಬರೆದವನು ವಿವರಿಸಬೇಕು. ಒಂದು ತೇಪೆಯಲ್ಲಿ ಒಂದೇ ಬದಲಾವಣೆ ಇರಬೇಕು. ತನ್ನ ಸಹಿ ಹಾಕಬೇಕು. ಬಲ್ಲವರು ಎಲ್ಲರೆದುರಿನಲ್ಲಿ ಸಾಲುಸಾಲಾಗಿ ಪ್ರಶ್ನಿಸುತ್ತಾರೆ. ಒಪ್ಪಿಗೆಯಾದರೆ ಪರಿಶೀಲಿಸಿದವರ ಹೆಸರು, ಪರೀಕ್ಷಿಸಿದವರ ಹೆಸರು, ದೋಷ ಹಿಂದಿನ ಯಾವ ತೇಪೆಯಿಂದ ಬಂದದ್ದೆಂಬ ಗುರುತು, ಎಲ್ಲವೂ ಆ ತೇಪೆಯೊಂದಿಗೆ ಶಾಶ್ವತವಾಗಿ ಉಳಿಯುತ್ತವೆ. ಪರಿಶೀಲಿಸಿದವನು ಹೊಣೆಯಿಂದ ಜಾರಿಕೊಳ್ಳುವಂತಿಲ್ಲ.

ಈ ದಾರಿಯಲ್ಲಿ ಕನ್ನಡನಾಡಿನವರು ನಡೆದ ನಿದರ್ಶನವಿದೆ. ರೌಟರಿನ ಸಾಲು ಉದ್ದವಾಗುವ ಮುನ್ನವೇ ಕೆಲವು ಪೊಟ್ಟಣಗಳನ್ನು ಬಿಟ್ಟುಕೊಟ್ಟು ಎಚ್ಚರಿಸುವ 'ಪೈ' ಎಂಬ ಕ್ರಮವಿಧಿಯೊಂದು 2014ರಲ್ಲಿ ಕರ್ನೆಲ್ ಸೇರಿತ್ತು. ಉಗಿಯಂತ್ರದ ವೇಗವನ್ನು ಹದಗೊಳಿಸುವ ಗವರ್ನರಿನಂತೆ ಇದು ಸಾಲಿನಲ್ಲಿ ಕಾಯುವ ಕಾಲವನ್ನು ಆಗಾಗ ಅಳೆದು, ಗುರಿಗಿಂತ ಹೆಚ್ಚಾಗಿದ್ದರೆ ಬಿಡುವ ಪೊಟ್ಟಣಗಳ ಪ್ರಮಾಣವನ್ನು ಏರಿಸುತ್ತದೆ. 2017ರಲ್ಲಿ ಪೈಗೆ ಅಧಿಕೃತ ವಿವರಣೆ ಪ್ರಕಟವಾಯಿತು. ಕರ್ನೆಲ್‌ನಲ್ಲಿದ್ದ ರೂಪಕ್ಕೂ ಆ ವಿವರಣೆಗೂ ಕೆಲವು ಅಂತರಗಳಿದ್ದವು. ಇವನ್ನು ಸರಿಪಡಿಸಿದವರು ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಅಧ್ಯಾಪಕರೊಬ್ಬರೂ ಅವರ ವಿದ್ಯಾರ್ಥಿಗಳೂ. 2019ರ ಅವರ ತೇಪೆಗಳಲ್ಲಿ ಒಂದು, ಕಾಯುವ ಕಾಲದ ಗುರಿಯನ್ನು 20 ಮಿಲಿಸೆಕೆಂಡಿನಿಂದ 15ಕ್ಕೆ ಇಳಿಸಿತು. ಮತ್ತೊಂದು, ಅಳೆಯುವ ಅವಧಿಯನ್ನು 30ರಿಂದ 15ಕ್ಕೆ ಇಳಿಸಿತು. ಒಂದೊಂದೂ ಬೇರೆ ಬೇರೆ ತೇಪೆ, ಒಂದೊಂದಕ್ಕೂ ಬೇರೆ ವಿವರಣೆ. ಹೊರಗಿನವರಿಗೆ ಇದು ಅಂಕಿ ತಿದ್ದುವ ಕ್ಷುಲ್ಲಕ ಕೆಲಸವಾಗಿ ತೋರಬಹುದು. ಬರೆದದ್ದಕ್ಕೂ ಮಾಡುವುದಕ್ಕೂ ಅಂತರವಿರಬಾರದೆಂಬ ಶ್ರದ್ಧೆ ಅದರ ಹಿಂದೆ ಇದೆ.

ಅದೇ ತಂಡ ಮುಂದೆ, ಒಬ್ಬನ ಹರಿವು ಇನ್ನೊಬ್ಬನ ಹರಿವನ್ನು ತುಳಿಯದಂತೆ ಸಾಲುಗಳನ್ನು ಬೇರ್ಪಡಿಸುವ 'ಎಫ್‌ಕ್ಯೂ-ಪೈ' ಎಂಬ ಕ್ರಮವಿಧಿಯನ್ನು ಸಿದ್ಧಪಡಿಸಿತು. ಅದು ಒಂದೇ ಸಲಕ್ಕೆ ಸೇರಲಿಲ್ಲ. ಹಳೆಯ ಪೈಯೊಂದಿಗೆ ಸಮಾನವಾದ ಭಾಗಗಳನ್ನು ಎರಡು ಕಡೆ ಬರೆಯದೆ ಒಂದೇ ಕಡೆ ಇಡಿ, ಇಲ್ಲಿ ಸ್ಮೃತಿ ಸೋರುತ್ತದೆ, ಅಲ್ಲಿ ಬಳಕೆಯಾಗದ ಪದವಿದೆ ಎಂದು ಪರಿಶೀಲಕರು ಎತ್ತಿ ತೋರಿಸಿದಂತೆಲ್ಲ ಅವರು ತಿದ್ದಿ ತಿದ್ದಿ ಹೊಸ ಆವೃತ್ತಿಗಳನ್ನು ಸಲ್ಲಿಸಿದರು. ಕಡೆಗೆ 2020ರ ಮಾರ್ಚಿಯಲ್ಲಿ ಹೊರಬಂದ 5.6ನೆಯ ಕರ್ನೆಲ್‌ನಲ್ಲಿ ಅದು ಸೇರ್ಪಡೆಯಾಯಿತು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಅಷ್ಟು ಕಣ್ಣುಗಳನ್ನು ದಾಟಿ ಬಂದ ಬರಹದಲ್ಲಿ ಪಟ್ಟಿಯ ಎಲ್ಲೆ ಮೀರಿ ಸ್ಮೃತಿಯನ್ನು ಮುಟ್ಟುವ ದೋಷವೊಂದು 2021ರಲ್ಲಿ ಬೇರೆಯವರ ಕಣ್ಣಿಗೆ ಬಿದ್ದು, ಇನ್ನೊಂದು ತೇಪೆಯಿಂದ ಸರಿಹೋಯಿತು. ಇದರಿಂದ ಸುರತ್ಕಲ್ಲಿನವರ ಗೌರವಕ್ಕೆ ಕುಂದಿಲ್ಲ. ವಿಲೀನವೆಂಬುದು ಪರೀಕ್ಷೆಯ ಮುಕ್ತಾಯವಲ್ಲವೆಂಬ ತಿಳಿವಳಿಕೆ ಮಾತ್ರ ನಮಗೆ ದೊರೆಯುತ್ತದೆ.

ನಿದ್ರೆಯಲ್ಲಿ ಏರಿದ ಮಿತಿ

ಪರಿಶೀಲನೆ ಎಷ್ಟು ಸೂಕ್ಷ್ಮವಾಗಿರಬೇಕೆಂಬುದಕ್ಕೆ ಕ್ಯೂಬಿಕ್‌ನ ಕಥೆಯನ್ನೇ ನೋಡಬಹುದು. ಪೊಟ್ಟಣ ಚೆಲ್ಲಿದಾಗ ಮಿತಿ 100 ಇತ್ತೆನ್ನೋಣ. ಕ್ಯೂಬಿಕ್ ಅದನ್ನು 70ಕ್ಕೆ ಇಳಿಸಿ, ಅನಂತರ ಒಂದು ಘನವಕ್ರರೇಖೆಯ ಮೇಲೆ ಏರಿಸುತ್ತದೆ. ಲೆಕ್ಕದ ಪ್ರಕಾರ ಹಳೆಯ 100ಕ್ಕೆ ಮತ್ತೆ ಮುಟ್ಟುವುದು 4.22 ಸೆಕೆಂಡಿಗೆ. ಅದಾದ ಮೇಲೆ ಎಷ್ಟು ಸೆಕೆಂಡು ಕಳೆದಿದೆಯೋ ಅದರ ಘನವನ್ನು 0.4ರಿಂದ ಗುಣಿಸಿ 100ಕ್ಕೆ ಕೂಡಿಸಿದರೆ ಆ ಕ್ಷಣದ ಗುರಿ ಸಿಗುತ್ತದೆ. ಈ ಏರಿಕೆ ನ್ಯಾಯವಾದದ್ದು. ಏಕೆಂದರೆ ದಾರಿ ಖಾಲಿಯಿದೆಯೆಂಬುದಕ್ಕೆ ಒಂದರ ಹಿಂದೊಂದು ಬರುವ ರಸೀದಿಗಳೇ ಸಾಕ್ಷಿ. ಆದರೆ ಕಳುಹಿಸುವವನು ನಡುವೆ ಸುಮ್ಮನಿದ್ದರೆ? ಪೊಟ್ಟಣವಿಲ್ಲ, ರಸೀದಿಯಿಲ್ಲ, ಸಾಕ್ಷಿಯಿಲ್ಲ. ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ಇಳಿಕೆಯಾಗಿ 20 ಸೆಕೆಂಡು ಕಳೆದ ಮೇಲೆ ಗುರಿ ಎಷ್ಟಾಗುತ್ತದೆ? 15.78ರ ಘನವನ್ನು 0.4ರಿಂದ ಗುಣಿಸಿ 100ನ್ನು ಕೂಡಿಸಿದರೆ ಸುಮಾರು 1,670! ನಿದ್ರೆ ಮಾಡಿ ಎದ್ದವನು, ನಿದ್ರಿಸಿದಷ್ಟು ಹೊತ್ತೂ ದುಡಿದವನಂತೆ ಕೂಲಿ ಕೇಳಿದ ಹಾಗಾಯಿತು. ಮಿತಿ ಒಮ್ಮೆಗೇ ಅಲ್ಲಿಗೆ ಹಾರದಿದ್ದರೂ ಬಲು ಕಡಿದಾಗಿ ಏರತೊಡಗುತ್ತಿತ್ತು.

ಜನಾ ಅಯ್ಯಂಗಾರ್ ಎಂಬವರು ಇದನ್ನು ಗಮನಿಸಿ ತಿಳಿಸಿ, ದೋಷಕ್ಕೆ ತೇಪೆ ಬಿದ್ದದ್ದು 2015ರಲ್ಲಿ. ಜಗತ್ತಿನ ಅಸಂಖ್ಯ ಗಣಕಗಳಲ್ಲಿ ವಾಡಿಕೆಯಾಗಿದ್ದ ಕ್ರಮವಿಧಿಯಲ್ಲಿ ಅದು ವರ್ಷಾನುಗಟ್ಟಲೆ ಅಡಗಿತ್ತು. ಸ್ವಾರಸ್ಯವೆಂದರೆ, ಆ ತೇಪೆಯಿಂದ ಗಡಿಯಾರದ ಆರಂಭ ಕೆಲವೊಮ್ಮೆ ಭವಿಷ್ಯತ್ಕಾಲಕ್ಕೆ ಜಾರುತ್ತಿತ್ತು! ಬೆನ್ನಿಗೇ ಎರಡನೆಯ ತೇಪೆ ಬೇಕಾಯಿತು. ಈ ಲೆಕ್ಕಕ್ಕೆ ಬೇಕಾದದ್ದು ಘನವೂ ಘನಮೂಲವೂ ಮಾತ್ರ, ಪಿ.ಯು. ತರಗತಿಯ ವಿದ್ಯಾರ್ಥಿಗೆ ಅದು ಹೊರತಾದುದಲ್ಲ. ಬೇಕಾದ ಇನ್ನೊಂದು ಗುಣವೆಂದರೆ, 'ಸಾಕ್ಷಿಯಿಲ್ಲದೆ ಈ ಸಂಖ್ಯೆ ಏಕೆ ಏರಿತು?' ಎಂದು ಕೇಳುವ ಭೌತವಿಜ್ಞಾನಿಯ ಹಟ.

ಆಕ್ಷೇಪಗಳು

ಇಷ್ಟೊಂದು ಪರಿಶೀಲನೆಯಿಂದ ಪ್ರಗತಿ ಕುಂಠಿತವಾಗುವುದಿಲ್ಲವೆ ಎಂದು ಕೇಳಬಹುದು. ತಡವಾಗುವುದು ನಿಜ. ಆದರೆ ತನ್ನ ಮನೆಯ ತೊಟ್ಟಿಯನ್ನು ತಿದ್ದುವುದು ಬೇರೆ, ಊರಿನ ಕೆರೆಯ ಏರಿಯನ್ನು ತಿದ್ದುವುದು ಬೇರೆ. ಎರಡನೆಯದರಲ್ಲಿ ಅವಸರಕ್ಕೆ ಬೆಲೆ ಕೊಡುವವನು ಸಾಮಾನ್ಯವಾಗಿ ಅವಸರಪಟ್ಟವನಲ್ಲ, ಏರಿಯ ಕೆಳಗಿನವನು. ಪರಿಶೀಲಕರ ಮಾತು ಒರಟಾಗಿರುತ್ತದೆ, ಹೊಸಬರು ಹೆದರುತ್ತಾರೆ ಎಂಬ ಆಕ್ಷೇಪದಲ್ಲಿಯೂ ಹುರುಳಿದೆ. 2018ರಲ್ಲಿ ಟೊರ್ವಾಲ್ಡ್ಸ್ ಅವರೇ ತಮ್ಮ ಬಿರುನುಡಿಗಳಿಗಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ನಡವಳಿಕೆಯ ಸಂಹಿತೆಯೊಂದು ಜಾರಿಗೆ ಬಂತು. ಪ್ರಶ್ನೆ ಕಟುವಾಗಿರಬಹುದು, ಪ್ರಶ್ನಿಸುವವನ ನಾಲಗೆ ಕಟುವಾಗಿರಬೇಕಾದ್ದಿಲ್ಲ.

ಮೂರನೆಯ ಆಕ್ಷೇಪ ಗಂಭೀರವಾದುದು. ಕಾಲೇಜುಗಳು ತೇಪೆಗಳಿಗೆ ಅಂಕ ಕೊಡತೊಡಗಿದರೆ ವಿದ್ಯಾರ್ಥಿಗಳು ಅಂಕಕ್ಕಾಗಿ ಹುರುಳಿಲ್ಲದ ತೇಪೆಗಳ ಮಳೆಗರೆಯುವುದಿಲ್ಲವೆ? ಖಂಡಿತವಾಗಿಯೂ ಗರೆಯುತ್ತಾರೆ. 2020ರಲ್ಲಿ ತಿದ್ದುಪಡಿಗಳಿಗೆ ಅಂಗಿಯ ಬಹುಮಾನವಿಟ್ಟ 'ಹ್ಯಾಕ್ಟೋಬರ್‌ಫೆಸ್ಟ್' ಎಂಬ ಉತ್ಸವದಲ್ಲಿ ಹಾಗೆಯೇ ಆಗಿ, ಪಾಲಕರು ರೋಸಿಹೋದರು; ನಡೆಸಿದವರು ನಿಯಮವನ್ನೇ ಬದಲಿಸಬೇಕಾಯಿತು. ಆದುದರಿಂದ ವಿಲೀನವಾದ ತೇಪೆಗಳ ಎಣಿಕೆಗೆ ಅಂಕ ಕೊಡುವುದನ್ನು ನಾವು ಬೆಂಬಲಿಸುವುದಿಲ್ಲ. ಅಂಕ ಸಲ್ಲಬೇಕಾದದ್ದು ಪರೀಕ್ಷೆಗೆ, ವಿವರಣೆಗೆ, ಮತ್ತೊಬ್ಬರ ಕೆಲಸವನ್ನು ನ್ಯಾಯವಾಗಿ ಪ್ರಶ್ನಿಸಿದ ರೀತಿಗೆ.

ನಮ್ಮ ಕಾಲೇಜುಗಳಲ್ಲಿ

ಇಂದು ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವುದೇನು? ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕು. ಉತ್ತರ 980ರ ಸುತ್ತಮುತ್ತ ಬರಬೇಕೆಂದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಬಾರದಿದ್ದರೆ ಅಳತೆಯನ್ನೇ ಬಗ್ಗಿಸುತ್ತಾನೆ. ಹಿಂದಿನ ವರ್ಷದವರ ರೆಕಾರ್ಡು ಪುಸ್ತಕ ಈ ವರ್ಷದವರ ಕೈಗೆ ಬರುತ್ತದೆ. ಒಬ್ಬನ ಫಲಿತಾಂಶವನ್ನು ಇನ್ನೊಬ್ಬನು ನಕಲು ಮಾಡುತ್ತಾನೆಯೇ ಹೊರತು ಪರೀಕ್ಷಿಸುವುದಿಲ್ಲ. ವಿಜ್ಞಾನದ ಹೆಸರಿನಲ್ಲಿ ವಿಜ್ಞಾನಕ್ಕೆ ವಿರುದ್ಧವಾದ ಅಭ್ಯಾಸವೊಂದನ್ನು ನಾವು ಕಲಿಸುತ್ತಿದ್ದೇವೆ.

ನಮ್ಮ ಸಲಹೆ ಇಷ್ಟು. ವರ್ಷಕ್ಕೆ ಒಂದು ಪ್ರಯೋಗವನ್ನಾದರೂ ವಿದ್ಯಾರ್ಥಿಯು ಮಾಡಿ ತನ್ನ ಸಹಪಾಠಿಗೆ ಒಪ್ಪಿಸಲಿ. ಸಹಪಾಠಿಯು ಅದನ್ನು ಮತ್ತೆ ಮಾಡಿ ನೋಡಿ, ಸಂದೇಹಗಳನ್ನು ಬರೆದು, ತನ್ನ ಹೆಸರನ್ನು ಹಾಕಲಿ. ಇಬ್ಬರಿಗೂ ಅಂಕ ಸಲ್ಲಲಿ. ಗಣಕವಿರುವ ಕಡೆ ದಟ್ಟಣೆ ನಿಯಂತ್ರಣವನ್ನೇ ವಿಷಯವಾಗಿ ಆರಿಸಿಕೊಳ್ಳಬಹುದು. ಲೈನಕ್ಸ್ ಇರುವ ಒಂದೇ ಗಣಕದೊಳಗೆ ಹಲವು ಕಾಲ್ಪನಿಕ ಗಣಕಗಳನ್ನು ಹೂಡಿ, ನೆಟೆಮ್ ಎಂಬ ಸಾಧನದಿಂದ ದಾರಿಗೆ ಬೇಕಾದಷ್ಟು ವಿಳಂಬವನ್ನೂ ನಷ್ಟವನ್ನೂ ಕೊಡಬಹುದು. ಸೆಕೆಂಡಿಗೆ ಒಂದು ಕೋಟಿ ಬಿಟ್ಟು ಸಾಗಿಸುವ ದಾರಿ, ಹೋಗಿಬರಲು 40 ಮಿಲಿಸೆಕೆಂಡು: ಎರಡನ್ನೂ ಗುಣಿಸಿದರೆ 4 ಲಕ್ಷ ಬಿಟ್ಟು, ಎಂದರೆ 50,000 ಬೈಟು, ಸುಮಾರು 33 ಪೊಟ್ಟಣ. ದಾರಿಯನ್ನು ತುಂಬಲು ಅಷ್ಟೇ ಸಾಕು. ಹಳೆಯ ರೀನೊ ಕ್ರಮವಿಧಿಯ ಒಂದು ಹರಿವನ್ನೂ ಕ್ಯೂಬಿಕ್‌ನ ಒಂದು ಹರಿವನ್ನೂ ಅದರಲ್ಲಿ ಬಿಟ್ಟು ಯಾರ ಪಾಲು ಎಷ್ಟೆಂದು ನಕ್ಷೆ ಬರೆಯುವುದಕ್ಕೆ ಹೆಚ್ಚಿನ ಹಣ ಬೇಡ.

ಇದರಲ್ಲಿ ನಮ್ಮವರ ಸ್ವಂತ ಹಿತವೂ ಇದೆ. ಹೊಸ ಕ್ರಮವಿಧಿಗಳನ್ನು ಬರೆಯುವವರಲ್ಲಿ ಬಹುಮಂದಿ ದೊಡ್ಡ ಸಂಸ್ಥೆಗಳವರು. ವೇಗದ ತಂತಿಗಳ ನಡುವೆ ಕುಳಿತವರು. ಮಳೆಗಾಲದಲ್ಲಿ ಮಲೆನಾಡಿನ ಹಳ್ಳಿಯೊಂದರಲ್ಲಿ, ಒಂದು ಗಳಿಗೆ ಬಂದು ಇನ್ನೊಂದು ಗಳಿಗೆ ಮಾಯವಾಗುವ ಸಂಕೇತವನ್ನು ಹಿಡಿಯಲು ಮನೆಯ ಹಿಂದಿನ ದಿಬ್ಬವೇರಿ ನಿಲ್ಲುವ ವಿದ್ಯಾರ್ಥಿನಿಯ ಅನುಭವ ಅವರ ಪರೀಕ್ಷೆಗಳಲ್ಲಿ ತಾನಾಗಿ ಸೇರುವುದಿಲ್ಲ. ಅಲ್ಲಿ ಪೊಟ್ಟಣ ಕಳೆಯುವುದು ದಾರಿ ತುಂಬಿದ್ದರಿಂದಲೋ ಸಂಕೇತ ಕ್ಷೀಣಿಸಿದ್ದರಿಂದಲೋ ಎಂಬುದನ್ನು ಕ್ರಮವಿಧಿ ಬಲ್ಲುದೆ? ಅಳೆದು ಹೇಳುವವರಿಲ್ಲದೆ ಉತ್ತರ ದೊರೆಯದು. ಕಾಲುವೆಯ ಕೊನೆಯವನ ಕಷ್ಟ ಕೊನೆಯವನೇ ಬಾಯಿ ಬಿಟ್ಟು ಹೇಳಿದಾಗಲಷ್ಟೇ ಲೆಕ್ಕಕ್ಕೆ ಬರುತ್ತದೆ. ಬರಿಯ ಗೊಣಗಾಟವಾಗಿ ಹೇಳಿದರೆ ಸಾಲದು, ಅಂಕಿಗಳೊಡನೆ ಹೇಳಬೇಕು.

ಹೊಸದನ್ನು ಕಂಡುಹಿಡಿದವರ ಚಿತ್ರಗಳನ್ನು ನಮ್ಮ ತರಗತಿಗಳ ಗೋಡೆಗಳ ಮೇಲೆ ತೂಗುಹಾಕಿದ್ದೇವೆ. ಅದು ಯುಕ್ತವೇ. ಕಂಡುಹಿಡಿದದ್ದನ್ನು ಮತ್ತೆ ಅಳೆದು, ಇದು ಎಲ್ಲರಿಗೂ ಸಲ್ಲುತ್ತದೆಯೇ ಎಂದು ಕೇಳಿ, ತೃಪ್ತಿಯಾದ ಮೇಲೆ ತನ್ನ ಹೆಸರನ್ನು ಕೆಳಗೆ ಬರೆಯುವವರ ಚಿತ್ರಗಳು ಎಲ್ಲಿಯೂ ಕಾಣುವುದಿಲ್ಲ. ಶಿಕಾರಿಪುರ ಸೊರಬಗಳ ಒಬ್ಬ ವಿದ್ಯಾರ್ಥಿ, ಒಬ್ಬ ವಿದ್ಯಾರ್ಥಿನಿ ಅಂಥ ಒಂದು ಸಾಲಿಗೆ ತಮ್ಮ ಹೆಸರನ್ನು ಸೇರಿಸುವ ದಿನ ಬೇಗ ಬರಲಿ. ಅದಕ್ಕೆ ಬೇಕಾದ ಗಣಿತವನ್ನು ಅವರು ಈಗಾಗಲೇ ಕಲಿತಿದ್ದಾರೆ. ಪ್ರಶ್ನಿಸಲು ಅನುಮತಿಯನ್ನೂ, ಪ್ರಶ್ನಿಸಿದ್ದಕ್ಕೆ ಮನ್ನಣೆಯನ್ನೂ ಕೊಡಬೇಕಾದವರು ಅಧ್ಯಾಪಕರಾದ ನಾವು.